ರೊಟ್ಟಿಯ ಬುತ್ತಿ, ಕೂಡಿ ಉಣ್ಣುವ ಭಕ್ತಿ



ಗುಡ್ಡ ಹತ್ತಿ ಬಂದ ಭಕ್ತಾದಿಗಳು ಮೊದಲು ದರ್ಶನ ಮಾಡುತ್ತಾರೆ, ಕಾಯಿ ಒಡೆಸುತ್ತಾರೆ, ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಾರೆ. ಆಮೇಲೆ ನೆರಳು ಹುಡುಕಿ ಕುಳಿತು ಬುತ್ತಿ ಬಿಚ್ಚುತ್ತಾರೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಕಡೆಯಿಂದ ಬಂದವರ ಬುತ್ತಿ ದೂರದಿಂದಲೇ ಗುರುತು ಸಿಗುತ್ತದೆ. ಬಿಳಿ ಅರಿವೆಯಲ್ಲಿ ಕಟ್ಟಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಪಲ್ಯ, ಒಂದು ಡಬ್ಬಿಯಲ್ಲಿ ಗಟ್ಟಿ ಮೊಸರು, ಮುಷ್ಟಿಯಿಂದ ಗುದ್ದಿ ಒಡೆದ ಉಳ್ಳಾಗಡ್ಡಿ. ಬುತ್ತಿ ಬಿಚ್ಚಿದ ಮೇಲೆ ಒಬ್ಬರೇ ಉಣ್ಣುವುದು ಇಲ್ಲವೇ ಇಲ್ಲ. ಪಕ್ಕದಲ್ಲಿ ಯಾವ ಊರಿನವರೋ ಕುಳಿತಿದ್ದರೂ "ಬರ್ರಿ, ಊಟ ಮಾಡೂಣ ಬರ್ರಿ" ಎನ್ನುತ್ತಾರೆ. ಅವರು ಒಲ್ಲೆ ಎಂದರೂ ಅರ್ಧ ರೊಟ್ಟಿಯ ಮೇಲೆ ಹಿಂಡಿ ಹಾಕಿ ಕೈಗೆ ಕೊಟ್ಟೇ ಬಿಡುತ್ತಾರೆ.

ದೇವರ ಮುಂದೆ ಜನ ಏನೇನೋ ಬೇಡುತ್ತಾರೆ. ಮಗನಿಗೆ ನೌಕರಿ, ಮಗಳಿಗೆ ವರ, ಹೊಲಕ್ಕೆ ಮಳೆ. ಆದರೆ ವಯಸ್ಸಾದ ತಾಯಂದಿರು ಕಣ್ಣು ಮುಚ್ಚಿ ಬೇಡುವುದು ಬಹುತೇಕ ಒಂದೇ: "ಯಪ್ಪಾ, ನನ್ನ ಮಕ್ಕಳು ಕೂಡಿ ಇರಲಿ." ಈ ಪ್ರವಚನ ಆ ಬೇಡಿಕೆಯ ಮೇಲೆಯೇ ಅದ.

ಆಳಂದ ತಾಲೂಕಿನ ಒಂದು ಹಳ್ಳಿ ಅಂತ ತಿಳಿಯಿರಿ. ಊರ ಹೆಸರು ಬ್ಯಾಡ, ಇದು ಎಷ್ಟೋ ಊರಿನ ಕಥಿ. ಒಬ್ಬ ತಾಯಿಗೆ ಇಬ್ಬರು ಗಂಡುಮಕ್ಕಳು. ತಂದೆ ತೀರಿಕೊಂಡ ಮೂರು ವರ್ಷಕ್ಕೆ ಬೋರಿನ ನೀರಿನ ಮ್ಯಾಲ ಅಣ್ಣತಮ್ಮಂದಿರಿಗೆ ಮಾತು ಬೆಳೆಯಿತು. ಪಂಚರು ಹಣಮಂತ ದೇವರ ಗುಡಿ ಕಟ್ಟೆಯ ಮೇಲೆ ಕುಳಿತು ಪಾಲು ಮಾಡಿದರು. ಹೊಲ ಎರಡು ಪಾಲಾಯಿತು, ಎತ್ತು ಒಂದೊಂದು ಬಂತು. ಕಬ್ಬಿಣದ ಹಂಚು ಹಿರಿಸೊಸೆಗೆ, ಬೀಸುಕಲ್ಲು ಕಿರಿಸೊಸೆಗೆ. ಅಂಗಳದ ನಡುವೆ ಗ್ವಾಡಿ ಕಟ್ಟಬೇಕೆಂದು ಗೆರೆ ಎಳೆದರು. ಕೊನೆಗೆ ಉಳಿದದ್ದು ತಾಯಿ. ಆಕೆಯನ್ನೂ ಪಾಲು ಮಾಡಿದರು: ಒಂದನೇ ತಾರೀಖಿನಿಂದ 15ರವರೆಗೆ ಹಿರಿಮಗನ ಮನೆ, 16ರಿಂದ 30ರವರೆಗೆ ಕಿರಿಮಗನ ಮನೆ. ಪಂಚರು ಎಲ್ಲ ಲೆಕ್ಕ ಸರಿ ಮಾಡಿ ಚಹಾ ಕುಡಿದು ಎದ್ದರು. 31ನೇ ತಾರೀಖಿನ ನೆನಪು ಯಾರಿಗೂ ಆಗಲಿಲ್ಲ.

ವರ್ಷದಲ್ಲಿ ಏಳು ತಿಂಗಳಿಗೆ 31 ದಿನ. ಮೊದಲ 31 ಬಂದಾಗ ಕಿರಿಯವನ ಮನೆಯಲ್ಲಿ ಆಕೆಯ ಹದಿನೈದು ದಿನ ಮುಗಿದಿದ್ದವು. ಹಿರಿಯವನ ಮನೆಯ ಪಾಳಿ ಮರುದಿನ ಶುರು. ಕಿರಿಯವನು ಅಣ್ಣನ ಮನೆಯಲ್ಲಿ ಉಂಡಿದ್ದಾಳೆ ಎಂದುಕೊಂಡ, ಹಿರಿಯವನು ತಮ್ಮನ ಮನೆಯಲ್ಲಿ ಉಂಡಿದ್ದಾಳೆ ಎಂದುಕೊಂಡ. ತಾಯಿ ಎರಡೂ ಬಾಗಿಲ ಮುಂದೆ ನಿಂತು ಕೇಳಬಹುದಿತ್ತು. ಕೇಳಲಿಲ್ಲ. ಬೇವಿನ ಗಿಡದ ಕಟ್ಟೆಯ ಮೇಲೆ ಹೋಗಿ ಕುಳಿತಳು. ಓಣಿಯ ಹೆಣ್ಣುಮಕ್ಕಳು "ಯಾಕವ್ವ, ಊಟ ಆಯ್ತೇನು?" ಎಂದರೆ "ಇವತ್ತ ನಂದು ಒಪ್ಪತ್ತು" ಎಂದಳು. ಮುಂದಿನ 31ಕ್ಕೂ ಹಾಂಗೇ ಅಂದಳು. ಓಣಿಯವರು ಆಕೆಯ ಭಕ್ತಿ ದೊಡ್ಡದು ಎಂದು ಹೊಗಳಿದರು. ಮಕ್ಕಳೂ ನಂಬಿದರು: "ಅವ್ವ 31ಕ್ಕ ಒಪ್ಪತ್ತು ಹಿಡದಾಳ."

ಭಕ್ತರೇ, ಒಪ್ಪತ್ತಿನಲ್ಲಿ ಎರಡು ಥರ ಅದಾವ. ದೇವರಿಗಾಗಿ ಹಿಡಿಯುವುದು ಒಂದು. ಮಕ್ಕಳ ಮರ್ಯಾದೆಗಾಗಿ ಹಿಡಿಯುವುದು ಇನ್ನೊಂದು. ಈ ತಾಯಿ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಮೊದಲು ರೊಟ್ಟಿಯ ಮಾತಿಗೆ ಬರೋಣ. ಆಮೇಲೆ ಮತ್ತೆ ಆಕೆಯ ಹತ್ತಿರ ಹೋಗೋಣ.

ಗೋಧಿ ಹಿಟ್ಟಿಗೆ ಜಿಗಿ ಹುಟ್ಟಿನಿಂದಲೇ ಅದ. ತಣ್ಣೀರು ಹಾಕಿ ಕಲಸಿದರೂ ಕೂಡಿಕೊಳ್ಳುತ್ತದೆ, ಲಟ್ಟಣಿಗೆಯಿಂದ ಎಳೆದರೆ ಎಳೆದಷ್ಟು ಬರುತ್ತದೆ. ಜೋಳದ ಹಿಟ್ಟಿಗೆ ಆ ಗುಣ ಇಲ್ಲ. ತಣ್ಣೀರು ಹಾಕಿದರೆ ಪುಡಿಪುಡಿಯಾಗಿ ಉದುರುತ್ತದೆ. ಅದಕ್ಕೇ ನಮ್ಮ ತಾಯಂದಿರು ಎಸರು ಕಾಸುತ್ತಾರೆ. ಕುದಿಯುವ ನೀರು ಬಿದ್ದಾಗ ಹಿಟ್ಟು ಅರ್ಧ ಬೆಂದು ಅಂಟು ಬಿಡುತ್ತದೆ. ಆ ಬಿಸಿಯಲ್ಲೇ ಅಂಗೈ ಸುಟ್ಟರೂ ಬಿಡದೆ ನಾದಬೇಕು. ನಾದಿದ್ದು ಕಡಿಮೆಯಾದರೆ ಬಡಿಯುವಾಗ ಅಂಚು ಸೀಳುತ್ತದೆ. ಹಿಟ್ಟು ಬೀಸಿ ಬಹಳ ದಿನವಾಗಿದ್ದರೆ ಇದ್ದ ಜಿಗಿಯೂ ಹೋಗಿರುತ್ತದೆ, ಎಂಥ ಜಾಣೆಯ ಕೈಗೂ ರೊಟ್ಟಿ ದುಂಡಗೆ ಬರುವುದಿಲ್ಲ. ಹಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ಅರಿವೆಯಿಂದ ನೀರು ಸವರಬೇಕು, ಆರುವುದರೊಳಗೆ ತಿರುವಬೇಕು, ಆಮೇಲೆ ಕೆಂಡಕ್ಕೆ ಒತ್ತಿ ಹಿಡಿದಾಗ ಅದು ಪೂರಿಯ ಹಾಂಗ ಉಬ್ಬುತ್ತದೆ.

ಮನೆತನವೂ ಜೋಳದ ಹಿಟ್ಟೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಮಾತ್ರಕ್ಕೆ ಅಣ್ಣತಮ್ಮಂದಿರು ಕೂಡಿ ಇರುತ್ತಾರೆ ಎಂಬ ಭರವಸೆ ಇಲ್ಲ. ಬೇರೆ ಬೇರೆ ಊರಿನಿಂದ ಬಂದ ನೆಗೆಣ್ಣಿಯರಂತೂ ಒಬ್ಬರಿಗೊಬ್ಬರು ಪರಕೀಯರು. ಯಾರೋ ಒಬ್ಬರು ದಿನಾ ಕೈ ಸುಟ್ಟುಕೊಂಡು ನಾದುತ್ತಿರುತ್ತಾರೆ, ಅದಕ್ಕೇ ಮನೆ ಉದುರದೆ ನಿಂತಿರುತ್ತದೆ. ಆ ಕೈ ಕಾಣಿಸುವುದಿಲ್ಲ. ಕೈ ಹೋದ ಮೇಲೆ ಅಂಚು ಸೀಳುವುದು ಕಾಣಿಸುತ್ತದೆ.

ಈ ಮಾತನ್ನು ನಮ್ಮ ಭಾಗದ ಮಹಾತ್ಮರು ಬಾಯಿಂದ ಹೇಳಲಿಲ್ಲ, ಮಾಡಿ ತೋರಿಸಿದರು. ಜೇವರ್ಗಿ ತಾಲೂಕಿನ ಅರಳಗುಂಡಗಿ ಮಹಾದಾಸೋಹಿ ಶರಣಬಸವೇಶ್ವರರ ಜನ್ಮಸ್ಥಳ. 1746ರಲ್ಲಿ ಹುಟ್ಟಿ 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದರು. ಅವರು ಮೊದಲು ಒಕ್ಕಲಿಗರು, ಮಣ್ಣು ಮುಟ್ಟಿ ದುಡಿದವರು. ಜೋಳ ಹಾಲು ತುಂಬಿ ಸೀತನಿ ಹದಕ್ಕೆ ಬಂದಾಗ ಎಲ್ಲ ಹೊಲಗಳಲ್ಲಿ ಕವಣೆ ಬೀಸಿ ಹಕ್ಕಿ ಓಡಿಸುವುದು ರೂಢಿ. ಶರಣರ ಹೊಲದಲ್ಲಿ ಮಾತ್ರ ಹಕ್ಕಿಗಳನ್ನು ಓಡಿಸುತ್ತಿರಲಿಲ್ಲವಂತೆ, ತಿಂದು ಬಾಯಾರಿದ ಹಕ್ಕಿಗೆ ಗಡಿಗೆಯಲ್ಲಿ ನೀರು ಇಡುತ್ತಿದ್ದರಂತೆ. ರಾಶಿ ಮಾಡುವಾಗ ಆ ಹೊಲದ ಕಾಳೇ ಹೆಚ್ಚಾಯಿತು ಎಂದು ಅವರ ಚರಿತ್ರೆ ಹೇಳುವವರು ಹೇಳುತ್ತಾರೆ. ಬಂದವರಿಗೆ ಊಟ, ಹಸಿದವರಿಗೆ ಊಟ, ಜಾತಿ ಕೇಳದೆ ಊಟ. ಅದೇ ದಾಸೋಹ. ಕಲಬುರಗಿಯ ಅವರ ಗುಡಿಯಲ್ಲಿ ಇಂದಿಗೂ ದಾಸೋಹ ನಡೆದಿದೆ. ಹೋಳಿ ಹುಣ್ಣಿಮೆ ಮುಗಿದ ಮೇಲೆ ತೇರು ಎಳೆಯುವ ದಿನ ಪರುಷ ಬಟ್ಟಲ ದರ್ಶನಕ್ಕೆ ಜನಸಾಗರ ಸೇರುತ್ತದೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗುವುದು ತಪ್ಪಾಗುತ್ತದೆ. ಶರಣರ ಹೆಸರು ನಾಡಿಗೆಲ್ಲ ಗೊತ್ತು. ಆದರೆ ಬಂದ ಬಂದವರಿಗೆಲ್ಲ ರೊಟ್ಟಿ ಬಡಿದವರು ಯಾರು? ನಸುಕಿನಲ್ಲಿ ಎದ್ದು ಬೀಸಿ, ಎಸರಿಟ್ಟು, ಹೊಗೆಯಲ್ಲಿ ಕಣ್ಣೀರು ಒರೆಸಿಕೊಳ್ಳುತ್ತ ಒಲೆ ಮುಂದೆ ಕುಳಿತ ತಾಯಂದಿರ ಹೆಸರು ಎಷ್ಟು ಮಂದಿಗೆ ಗೊತ್ತು? ದಾಸೋಹ ಮಾಡುವ ಗಂಡಸಿನ ಹಿಂದೆ ಬೇಸರ ಮಾಡದ ಒಲೆ ಇರಲೇಬೇಕು. ಆ ಮನೆಯ ಹೆಣ್ಣುಮಕ್ಕಳು "ನಮಗೇ ಸಾಲದು, ಮಂದಿಗಿ ಎಲ್ಲಿಂದ ಹಾಕೂದು?" ಎಂದು ಒಂದು ದಿನ ಹಂಚು ಇಳಿಸಿದ್ದರೆ ಚರಿತ್ರೆ ಬೇರೆಯೇ ಆಗುತ್ತಿತ್ತು. ಇಂದಿಗೂ ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರ ಮನೆಗಳಲ್ಲಿ ಬಡಿದ ಲಕ್ಷಗಟ್ಟಲೆ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಬರುತ್ತವೆ. ಒಂದೊಂದು ಓಣಿಯ ಹೆಣ್ಣುಮಕ್ಕಳು ಕೂಡಿ ಕುಳಿತು ಹಾಡು ಹೇಳುತ್ತ ಬಡಿಯುತ್ತಾರೆ. ವರ್ಷವೆಲ್ಲ ಮಾತು ಬಿಟ್ಟವರೂ ಆ ಒಂದು ಪರಾತದ ಸುತ್ತ ಕುಳಿತಾಗ "ಹಿಟ್ಟು ಈ ಕಡಿ ಸರಸು" ಎನ್ನಲೇಬೇಕಾಗುತ್ತದೆ. ಎಷ್ಟೋ ಜಗಳ ಮುರಿದದ್ದು ಈ ಮಾತಿನಿಂದಲೇ.

ಇನ್ನು ಅಫಜಲಪುರ ತಾಲೂಕಿನ ದೇವಲ ಗಾಣಗಾಪುರ. ಭೀಮಾ ಅಮರಜಾ ಸಂಗಮ, ಶ್ರೀ ನರಸಿಂಹ ಸರಸ್ವತಿಯವರು ಇಪ್ಪತ್ತಕ್ಕೂ ಹೆಚ್ಚು ವರ್ಷ ಇದ್ದ ಸ್ಥಳ, ನಿರ್ಗುಣ ಪಾದುಕೆಗಳ ಮಠ. ಅಲ್ಲಿ ಮಧುಕರಿ ಎಂಬ ಪದ್ಧತಿ ಅದ. ಜೇನುಹುಳ ಹೂವಿನಿಂದ ಹೂವಿಗೆ ಹೋಗಿ ಹನಿ ಹನಿ ತರುವ ಹಾಂಗ, ಭಕ್ತರು ಜೋಳಿಗೆ ಹಿಡಿದು ಐದು ಮನೆಗೆ ಹೋಗಿ ಭಿಕ್ಷೆ ಬೇಡುತ್ತಾರೆ. ಪುಣೆ, ಮುಂಬಯಿ, ಸೊಲ್ಲಾಪುರದಿಂದ ಕಾರಿನಲ್ಲಿ ಬಂದ ಶ್ರೀಮಂತರೂ ಬರಿಗಾಲಿನಲ್ಲಿ ಬಾಗಿಲ ಮುಂದೆ ನಿಲ್ಲುತ್ತಾರೆ. ಮಧ್ಯಾಹ್ನದ ಹೊತ್ತು ದತ್ತ ಮಹಾರಾಜರೇ ಯಾವುದೋ ರೂಪದಲ್ಲಿ ಊರಲ್ಲಿ ಭಿಕ್ಷೆಗೆ ಬರುತ್ತಾರೆ ಎಂಬುದು ಅಲ್ಲಿನ ನಂಬಿಕೆ. ಯಾವ ರೂಪ ಎಂದು ಗೊತ್ತಿಲ್ಲವಲ್ಲ, ಅದಕ್ಕೇ ಯಾರನ್ನೂ ಬರಿಗೈಯಲ್ಲಿ ಕಳಿಸುವಂತಿಲ್ಲ.

ಮಧುಕರಿಯ ಜೋಳಿಗೆಯನ್ನು ಬಿಚ್ಚಿ ನೋಡಬೇಕು. ಒಂದು ಮನೆಯ ರೊಟ್ಟಿ ತೆಳ್ಳಗೆ, ಇನ್ನೊಂದು ಮನೆಯದು ದಪ್ಪ. ಒಂದಕ್ಕೆ ಕಪ್ಪು ಹತ್ತಿರುತ್ತದೆ, ಒಂದು ಹಸಿ. ಒಂದು ಮನೆಯವರು ಅನ್ನ ಹಾಕಿರುತ್ತಾರೆ, ಒಂದು ಮನೆಯವರು ಚಪಾತಿ. ಎಲ್ಲ ಕೂಡಿದ್ದೇ ಪ್ರಸಾದ. "ಇದು ಯಾರ ಮನಿದು?" ಎಂದು ಬೇರೆ ಮಾಡುವವನು ಮಧುಕರಿ ಮಾಡಿದವನಲ್ಲ.

ಗುರುಚರಿತ್ರೆ ಬರೆದ ಸರಸ್ವತೀ ಗಂಗಾಧರರ ಹಿರಿಯರು ಆಳಂದ ತಾಲೂಕಿನ ಕಡಗಂಚಿಯ ಸಾಯಂದೇವರ ಮನೆತನದವರು. ಆ ಗ್ರಂಥದ 38ನೇ ಅಧ್ಯಾಯದಲ್ಲಿ ಭಾಸ್ಕರನೆಂಬ ಬಡ ಬ್ರಾಹ್ಮಣನ ಕಥೆ ಬರುತ್ತದೆ. ಗುರುಗಳಿಗೆ ಭಿಕ್ಷೆ ಮಾಡಿಸಬೇಕೆಂದು ಮೂರು ಜನಕ್ಕಾಗುವಷ್ಟು ಸಾಮಾನು ಗಂಟು ಕಟ್ಟಿಕೊಂಡು ಬಂದಿದ್ದ. ದಿನಾ ಯಾರೋ ದೊಡ್ಡವರ ಸಮಾರಾಧನೆ ಇರುತ್ತಿತ್ತು, ಅವನನ್ನೂ ಊಟಕ್ಕೆ ಕರೆಯುತ್ತಿದ್ದರು. ಅವನ ಗಂಟು ಹಾಗೇ ಉಳಿಯುತ್ತಿತ್ತು, ರಾತ್ರಿ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದ. ಹೀಗೇ ಮೂರು ತಿಂಗಳು. ಜನ ನಕ್ಕರು. ಆಗ ಗುರುಗಳು ಅವನನ್ನೇ ಕರೆದು ಇವತ್ತು ಅಡುಗೆ ನೀನು ಮಾಡು ಎಂದರು, ಊರವರನ್ನೆಲ್ಲ ಹೆಂಡತಿ ಮಕ್ಕಳ ಸಮೇತ ಕರೆಯಲು ಹೇಳಿದರು. ಅಡುಗೆಯ ಮೇಲೆ ಗುರುಗಳ ವಸ್ತ್ರ ಹೊದಿಸಿ ಬಡಿಸುತ್ತ ಹೋದರೆ ನಾಲ್ಕು ಸಾವಿರ ಜನ ಉಂಡರು, ಆಮೇಲೆ ಉಳಿದ ಜಾತಿಯವರು ಉಂಡರು, ದನಕರುಗಳಿಗೂ ಸಿಕ್ಕಿತು. ಪಾತ್ರೆ ತೆಗೆದು ನೋಡಿದರೆ ಅಡುಗೆ ಹಾಂಗೇ ಇತ್ತು.

ಇದನ್ನು ಕೇಳಿದವರು ನಾಲ್ಕು ಸಾವಿರದ ಪವಾಡವನ್ನೇ ನೆನಪಿಡುತ್ತಾರೆ. ಇನ್ನೊಂದು ಮಾತು ಅದಕ್ಕಿಂತ ಮೇಲಿನದು. ದಿಂಬಾಗಿ ತಲೆಯ ಕೆಳಗೆ ಇದ್ದಾಗ ಆ ಗಂಟು ಮೂವರಿಗೂ ಉಪಯೋಗ ಆಗಲಿಲ್ಲ. ಬಿಚ್ಚಿದಾಗ ಊರಿಗೆ ಸಾಕಾಯಿತು.

ಕ್ರೈಸ್ತ ಬಾಂಧವರ ಬೈಬಲಿನಲ್ಲೂ ಇಂಥದೇ ಒಂದು ಬುತ್ತಿಯ ಕಥೆ ಅದ. ಕಲಬುರಗಿಯಲ್ಲಿ ಮೆಥೋಡಿಸ್ಟ್ ಸಭೆಯ ಚರ್ಚು ಇದೆ. 2005ರಲ್ಲಿ ಕಲಬುರಗಿಯನ್ನು ಕೇಂದ್ರ ಮಾಡಿಕೊಂಡು ಕಥೋಲಿಕ ಧರ್ಮಪ್ರಾಂತ್ಯವೂ ಆಯಿತು. ಅವರ ಮನೆಯ ಊಟವೂ ಇದೇ ಜೋಳದ ರೊಟ್ಟಿ, ಇದೇ ಹಿಂಡಿ. ಕನ್ನಡ ಬೈಬಲಿನಲ್ಲಿ ಆ ದೇಶದ ಆಹಾರಕ್ಕೆ ರೊಟ್ಟಿ ಎಂಬ ಮಾತನ್ನೇ ಇಟ್ಟಿದ್ದಾರೆ. ಯೇಸುಸ್ವಾಮಿ ಹುಟ್ಟಿದ ಬೇತ್ಲೆಹೇಮ್ ಎಂಬ ಊರಿನ ಹೆಸರಿಗೆ ಅವರ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಎಂದೇ ಅರ್ಥ.

ಒಮ್ಮೆ ಗುಡ್ಡದ ಮೇಲೆ ಅವರ ಮಾತು ಕೇಳಲು ಐದು ಸಾವಿರ ಗಂಡಸರು ಸೇರಿದ್ದರು. ಹೆಣ್ಣುಮಕ್ಕಳು, ಕೂಸುಗಳು ಬೇರೆ. ಹೊತ್ತು ಇಳಿಯಿತು, ಎಲ್ಲರಿಗೂ ಹಸಿವು. ಶಿಷ್ಯರು ರೊಕ್ಕದ ಲೆಕ್ಕ ಹಾಕಿದರು, ಇನ್ನೂರು ಬೆಳ್ಳಿ ನಾಣ್ಯದ ರೊಟ್ಟಿ ತಂದರೂ ಸಾಲದು ಎಂದರು. ಅಲ್ಲಿ ಒಬ್ಬ ಹುಡುಗ ಇದ್ದ. ಅವನ ಹತ್ತಿರ ಜವೆಗೋಧಿಯ ಐದು ರೊಟ್ಟಿ, ಎರಡು ಮೀನು. ಜವೆಗೋಧಿ ಎಂದರೆ ಆ ದೇಶದ ಬಡವರ ಕಾಳು, ನಮ್ಮಲ್ಲಿ ಜೋಳ ಸಜ್ಜಿ ಇದ್ದ ಹಾಂಗ. ಅದನ್ನೇ ಹರಸಿ ಮುರಿದು ಹಂಚಿದರು, ಎಲ್ಲರೂ ಉಂಡು ಹನ್ನೆರಡು ಬುಟ್ಟಿ ತುಂಡುಗಳು ಮಿಕ್ಕವು. ಒಂದು ತುಂಡೂ ಹಾಳಾಗಬಾರದೆಂದು ಆರಿಸಿ ತುಂಬಿಸಿದ್ದು ಯೇಸುಸ್ವಾಮಿಯ ಮಾತಿನಂತೆಯೇ. ಆ ಹುಡುಗನ ಹೆಸರು ಗ್ರಂಥದಲ್ಲಿ ಇಲ್ಲ. ಅವನಿಗೆ ಆ ಬುತ್ತಿ ಕಟ್ಟಿ ಕೊಟ್ಟವಳ ಹೆಸರಂತೂ ಇಲ್ಲವೇ ಇಲ್ಲ. ನಸುಕಿನಲ್ಲಿ ಐದು ರೊಟ್ಟಿ ಸುಟ್ಟು ಮಗನ ಕೈಗೆ ಕೊಟ್ಟ ಒಬ್ಬ ತಾಯಿ ಎಲ್ಲೋ ಒಂದು ಮನೆಯಲ್ಲಿ ಇದ್ದಿರಲೇಬೇಕು. ಐದು ಸಾವಿರ ಮಂದಿ ತನ್ನ ರೊಟ್ಟಿ ಉಂಡರೆಂದು ಆಕೆಗೆ ಸಂಜೆಗೆ ಗೊತ್ತಾಗಿರಬೇಕು.

ಹಾಗಂತ ಅವರ ಸಭೆಗಳಲ್ಲಿ ಜಗಳ ಇರಲಿಲ್ಲವೆಂದು ತಿಳಿಯಬಾರದು. ಮೊದಲ ಕ್ರೈಸ್ತರು ಮನೆಮನೆಯಲ್ಲಿ ಕೂಡಿ ರೊಟ್ಟಿ ಮುರಿಯುತ್ತಿದ್ದರು. ಕೊರಿಂಥ ಎಂಬ ಊರಿನಲ್ಲಿ ಉಳ್ಳವರು ಬೇಗ ಬಂದು ತಮ್ಮ ತಮ್ಮ ಊಟ ಉಂಡು ಮುಗಿಸುತ್ತಿದ್ದರು, ದುಡಿದು ತಡವಾಗಿ ಬರುವ ಬಡವರು ಹಸಿದು ಕೂಡುತ್ತಿದ್ದರು. ಸಂತ ಪೌಲರು ಇದನ್ನು ಕೇಳಿ ಸಿಟ್ಟಿನಿಂದ ಪತ್ರ ಬರೆದರು. ಕೂಡಿ ಉಣ್ಣಲು ಬಂದವರು ಒಬ್ಬರಿಗೊಬ್ಬರು ಕಾಯಿರಿ ಎಂಬುದು ಅವರ ಆಜ್ಞೆ. ಇಂದಿಗೂ ಚರ್ಚಿನಲ್ಲಿ ಕಥೋಲಿಕರು ಪರಮಪ್ರಸಾದ ಎಂದು, ಉಳಿದವರು ಕರ್ತನ ಭೋಜನ ಎಂದು ಆ ರೊಟ್ಟಿಯನ್ನು ಸ್ವೀಕರಿಸುತ್ತಾರೆ. ತುಂಡು ಬೆರಳಿನಷ್ಟೇ. ಅದರ ಕರಾರು ಮಾತ್ರ ದೊಡ್ಡದು: ದೇವರಿಗೆ ಕಾಣಿಕೆ ತಂದವನಿಗೆ ತನ್ನ ಅಣ್ಣನೋ ತಮ್ಮನೋ ತನ್ನ ಮೇಲೆ ಮನಸ್ಸು ಕೆಡಿಸಿಕೊಂಡಿದ್ದಾನೆಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಅವನ ಹತ್ತಿರ ರಾಜಿಯಾಗಿ ಬರಬೇಕು ಎಂದು ಯೇಸುಸ್ವಾಮಿ ಹೇಳಿದ್ದಾರೆ. ದೇವರು ಕಾಯುತ್ತಾನೆ, ತಮ್ಮನ ಮನೆ ಮೊದಲು.

ಗುಡ್ಡ ಹತ್ತಿ ಬಂದ ಭಕ್ತರಿಗೆ ಈ ಮಾತು ಸ್ವಲ್ಪ ಕಠಿಣ. ಮುನ್ನೂರು ಮೆಟ್ಟಿಲು ಹತ್ತುವುದು ಸರಳ, ನಡುವಿನ ಗ್ವಾಡಿ ದಾಟಿ ಅಣ್ಣನ ಬಾಗಿಲಿಗೆ ಹೋಗುವುದು ಕಷ್ಟ.

ನಮ್ಮ ಭಾಗದಲ್ಲಿ ಕೂಡಿಸುವ ಹಬ್ಬಗಳಿಗೆ ಕೊರತೆ ಇಲ್ಲ. ಮೊಹರಂನಲ್ಲಿ ಚೋಂಗ್ಯಾ ಮಾಡಿ ಹಿಂದೂಗಳೂ ಅಲಾಯಿ ದೇವರಿಗೆ ಒಯ್ಯುತ್ತಾರೆ. ಎಳ್ಳ ಅಮವಾಸ್ಯೆಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಭಜ್ಜಿ, ಅಂಬಲಿ ಹೊತ್ತು ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿದ ಮೇಲೆಯೇ ಊಟ. ಆ ದಿನ ಹೊಲದ ದಾರಿಯಲ್ಲಿ ಹೋಗುವ ಯಾರನ್ನಾದರೂ ಕೂಗಿ ಕರೆಯುತ್ತಾರೆ. ಭೀಮೆ ಉಕ್ಕಿದಾಗಲೂ ಹಾಗೇ. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಅಫಜಲಪುರ, ಜೇವರ್ಗಿ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ಹೊಕ್ಕು ಜನ ಮನೆ ಬಿಟ್ಟು ಹೊರಬಿದ್ದರು. ಒಲೆಯೇ ನೀರಿನಲ್ಲಿದ್ದವರಿಗೆ ಮೊದಲು ಬೇಕಾಗುವುದು ವಾರಗಟ್ಟಲೆ ಕೆಡದ ಖಡಕ್ ರೊಟ್ಟಿ. ಅಂಥ ಹೊತ್ತಿನಲ್ಲಿ ಬಂದ ರೊಟ್ಟಿ ಯಾವ ಜಾತಿಯವರ ಹಂಚಿನ ಮೇಲೆ ಬೆಂದದ್ದೆಂದು ಯಾರು ಕೇಳುತ್ತಾರೆ?

ಈಗಿನ ಕಾಲದ ಮಾತೂ ಬರಬೇಕು. ಹೊಲದಲ್ಲಿ ತೊಗರಿ ಹೆಚ್ಚಿತು, ಜೋಳ ಕಡಿಮೆಯಾಯಿತು. ಮಕ್ಕಳು ಪುಣೆ, ಮುಂಬಯಿ, ಬೆಂಗಳೂರಿಗೆ ಗುಳೆ ಹೋದರು. ಅಲ್ಲಿ ರೊಟ್ಟಿಯನ್ನು ಅಂಗಡಿಯಲ್ಲಿ ಕೊಳ್ಳುತ್ತಾರೆ. ಕೊಂಡು ತಿಂದರೆ ಪಾಪ ಎಂದು ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಕಲಬುರಗಿ ಜಿಲ್ಲೆಯ ಸ್ವಸಹಾಯ ಸಂಘದ ಹೆಣ್ಣುಮಕ್ಕಳು "ಕಲಬುರಗಿ ರೊಟ್ಟಿ" ಎಂಬ ಹೆಸರಿನಿಂದ ರೊಟ್ಟಿ ಮಾಡಿ ಮಾರುತ್ತಾರೆ, 2025ರ ಜೂನ್ ತಿಂಗಳ ಮನ್ ಕೀ ಬಾತ್‌ನಲ್ಲಿ ಪ್ರಧಾನಮಂತ್ರಿಗಳು ಅದನ್ನು ಹೊಗಳಿದರು. ಆ ರೊಟ್ಟಿಯಿಂದ ಎಷ್ಟೋ ಮನೆಯ ಒಲೆ ಉರಿಯುತ್ತದೆ, ಎಷ್ಟೋ ಮಕ್ಕಳ ಸಾಲಿ ನಡೆಯುತ್ತದೆ. ರೊಟ್ಟಿ ಎಲ್ಲಿಂದ ಬಂತು ಎನ್ನುವುದಕ್ಕಿಂತ, ಉಣ್ಣುವಾಗ ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡಿಕೊಳ್ಳಬೇಕು. ಮೊಬೈಲು ನೋಡುತ್ತ ಒಬ್ಬೊಬ್ಬರೇ ಉಂಡು ಏಳುವ ಮನೆಯಲ್ಲಿ ಬಿಸಿ ರೊಟ್ಟಿಯೂ ತಂಗಳೇ.

ಈಗ ಬೇವಿನ ಕಟ್ಟೆಯ ತಾಯಿಯ ಹತ್ತಿರ ಹೋಗೋಣ.

ಅಕ್ಟೋಬರ್ 31. ತಾಯಿ ಮುಂಜಾನೆಯಿಂದ ಕಟ್ಟೆಯ ಮೇಲೆ ಕುಳಿತಿದ್ದಾಳೆ. ಕಿರಿಮಗನಿಗೆ ಏಳು ವರ್ಷದ ಹುಡುಗ. ಸಾಲಿಗೆ ಹೋಗುವಾಗ ಆಯಿಯ ಹತ್ತಿರ ಬಂದು ನಿಂತ.

"ಆಯಿ, ಇವತ್ತ ಯಾಕ ಉಂಡಿಲ್ಲ?"

"ನಂದು ಒಪ್ಪತ್ತು ಅದ, ಯಪ್ಪಾ."

"ಯಾವ ದೇವರದು?"

ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ನಕ್ಕು, "31ನೇ ತಾರೀಖಿನ ದೇವರದು" ಎಂದಳು.

ಹುಡುಗ ತನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆಸಿಕೊಂಡ. ಹಣಮಂತ ದೇವರು, ಎಲ್ಲಮ್ಮ, ಶರಣಬಸಪ್ಪ, ದತ್ತಪ್ಪ. ಈ ದೇವರ ಹೆಸರು ಕೇಳಿರಲಿಲ್ಲ. ಆದರೆ ದೇವರೆಂದ ಮೇಲೆ ನೈವೇದ್ಯ ಬೇಕು ಎಂಬುದು ಗೊತ್ತಿತ್ತು. ಮಧ್ಯಾಹ್ನ ಸಾಲಿಯಿಂದ ಓಡಿ ಬಂದು ಅವ್ವನ ಬುಟ್ಟಿಯಿಂದ ಎರಡು ರೊಟ್ಟಿ ಎತ್ತಿಕೊಂಡ. ಎರಡು ದೇವರಿಗೆ ಕಡಿಮೆ ಎನಿಸಿತು. ಗ್ವಾಡಿ ಇನ್ನೂ ಮಣಕಾಲು ಎತ್ತರಕ್ಕಷ್ಟೇ ಬಂದಿತ್ತು. ಹಾರಿ ದೊಡ್ಡವ್ವನ ಅಡುಗೆಮನೆಗೆ ಹೋಗಿ ಅಲ್ಲಿಂದಲೂ ಎರಡು ತಂದ. ನಾಲ್ಕನ್ನೂ ಒಂದೇ ಅರಿವೆಯಲ್ಲಿ ಸುತ್ತಿಕೊಂಡು ಕಟ್ಟೆಗೆ ಹೋಗಿ ಆಯಿಯ ಮುಂದೆ ಇಟ್ಟ.

ತಾಯಿ ಅರಿವೆ ಬಿಚ್ಚಿದಳು. ನೋಡಿದ ಕೂಡಲೇ ಗೊತ್ತಾಯಿತು. ತೆಳ್ಳಗೆ ಕಾಗದದಂಥವು ಹಿರಿಸೊಸೆಯವು, ಅಂಚು ಸ್ವಲ್ಪ ದಪ್ಪ ಇದ್ದವು ಕಿರಿಸೊಸೆಯವು. ಇಬ್ಬರಿಗೂ ರೊಟ್ಟಿ ಬಡಿಯುವುದು ಕಲಿಸಿದವಳು ಆಕೆಯೇ. ನಾಲ್ಕನ್ನೂ ಒಂದರ ಮೇಲೊಂದು ಇಟ್ಟು ಒಂದೇ ಸಲ 'ಪಟ್' ಅಂತ ಮುರಿದಳು. ಮೊದಲ ತುಂಡು ಮೊಮ್ಮಗನ ಬಾಯಿಗೆ ಇಟ್ಟಳು.

ಅಷ್ಟರಲ್ಲಿ ಇಬ್ಬರು ಸೊಸೆಯಂದಿರೂ ಎರಡು ಕಡೆಯಿಂದ ಬಂದರು. ಇಬ್ಬರ ಬುಟ್ಟಿಯಲ್ಲೂ ರೊಟ್ಟಿ ಕಡಿಮೆ, ಇಬ್ಬರ ಮನಸ್ಸಿನಲ್ಲೂ ಇನ್ನೊಬ್ಬಳ ಮೇಲೆ ಸಂಶಯ. ಕಟ್ಟೆಯ ಮೇಲೆ ರೊಟ್ಟಿ ಕಂಡು ದೊಡ್ಡವಳು ಹುಡುಗನನ್ನು ಗದರಿಸಿದಳು.

"ಕೇಳದಾ ಯಾಕ ತಂದೀಯೋ?"

"ನೈವೇದ್ಯ ತಂದೀನಿ, ದೊಡ್ಡವ್ವಾ. 31ನೇ ತಾರೀಖಿನ ದೇವರಿಗಿ. ಆಯಿದು ಇವತ್ತ ಒಪ್ಪತ್ತು ಅದಲ್ಲ, ನಿನ್ನ ಪಾಳಿನೂ ಇಲ್ಲ, ನಮ್ಮವ್ವನ ಪಾಳಿನೂ ಇಲ್ಲ."

ಹುಡುಗ ಏನೂ ತಿಳಿಯದೆ ಅಂದದ್ದು. ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಬೆರಳು ಮಡಚಿ ಲೆಕ್ಕ ಹಾಕಿದವಳು ಚಿಕ್ಕವಳು. ಆಗಸ್ಟ್ ಆಯಿತು, ಅಕ್ಟೋಬರ್ ಇವತ್ತು. ಅದಕ್ಕೂ ಮೊದಲು ಜುಲೈ, ಮೇ. ಮುಂದೆ ಎಣಿಸಲಿಕ್ಕೆ ಆಗಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಟ್ಟೆಯ ಮೇಲೆ ಕುಸಿದು ಕುಳಿತಳು. ದೊಡ್ಡವಳು ಮನೆಗೆ ಹೋಗಿ ಮೊಸರು, ಪುಂಡಿ ಪಲ್ಯ ತಂದಳು. ತಾಯಿ ಯಾರನ್ನೂ ಒಂದು ಮಾತು ಅನ್ನಲಿಲ್ಲ. "ಕೂಡ್ರಿ, ನೀವೂ ಉಣ್ರಿ" ಎಂದಳು.

ಸಂಜೆ ಗಂಡುಮಕ್ಕಳಿಗೆ ವಿಷಯ ಗೊತ್ತಾಯಿತು. ಹಿರಿಯವನು ತಲೆ ತಗ್ಗಿಸಿ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಬೋರಿನ ನೀರಿನ ತಕರಾರು ಆ ರಾತ್ರಿಯೇ ಬಗೆಹರಿಯಿತು ಎಂದು ಹೇಳಿದರೆ ಸುಳ್ಳಾದೀತು. ಹೊಲ ಮತ್ತೆ ಒಂದಾಗಲಿಲ್ಲ, ಎತ್ತು ಬೇರೆ ಬೇರೆ ಗ್ವಾದಲಿಯಲ್ಲೇ ಉಳಿದವು. ಗ್ವಾಡಿ ಮಾತ್ರ ಮಣಕಾಲು ಎತ್ತರಕ್ಕೇ ನಿಂತಿತು, ಇಬ್ಬರೂ ಮುಂದೆ ಕಲ್ಲು ಇಡಿಸಲಿಲ್ಲ.

ಡಿಸೆಂಬರ್ 31 ಬಂತು. ನಸುಕಿನಲ್ಲಿ ಚಿಕ್ಕವಳು ಬೀಸುಕಲ್ಲಿನ ಹೊಸ ಹಿಟ್ಟು ಪರಾತದಲ್ಲಿ ತಂದಳು. ದೊಡ್ಡವಳು ಕಬ್ಬಿಣದ ಹಂಚು ತಂದಳು. ಅಂಗಳದಲ್ಲಿ ಮೂರು ಕಲ್ಲು ಇಟ್ಟು ಒಲೆ ಹೂಡಿದರು. ಹುಡುಗ ತೊಗರಿ ಕಟ್ಟಿಗೆ ಮುರಿದು ಮುರಿದು ಕೊಡುತ್ತಿದ್ದ. ಎಸರು ಕುದಿಯಿತು. ಸೊಸೆಯಂದಿರು ಇಬ್ಬರೂ ಪರಾತದ ಎರಡು ಕಡೆ ಕುಳಿತಿದ್ದರು.

"ಸರೀರಿ," ಎಂದಳು ತಾಯಿ. ಸೀರೆಯ ಸೆರಗು ಸೊಂಟಕ್ಕೆ ಸಿಗಿಸಿ ಇಬ್ಬರ ನಡುವೆ ಕುಳಿತು, ಬಿಸಿ ಹಿಟ್ಟಿಗೆ ಎರಡೂ ಕೈ ಹಾಕಿದಳು.